ರೋಹಿಣಿಯ ಮೇಲೆ ಪರೀಕ್ಷಿಸಿದ 10×50 ಬೈನಾಕ್ಯುಲರ್

ವೃಷಭ ರಾಶಿಯ ರೋಹಿಣಿಯನ್ನು ನೋಡಲು ಯಾವ ಉಪಕರಣವೂ ಬೇಕಿಲ್ಲ. ಇಡೀ ಆಕಾಶದ ಅತಿ ಪ್ರಕಾಶಮಾನವಾದ ಇಪ್ಪತ್ತು ನಕ್ಷತ್ರಗಳಲ್ಲಿ ಒಂದಾದ ಈ ಕಿತ್ತಳೆ ದೈತ್ಯ ಬೀದಿದೀಪಗಳ ನಡುವೆಯೂ ಬರಿಗಣ್ಣಿಗೆ ಕಾಣಿಸುತ್ತದೆ. ಹಾಗಿದ್ದರೂ ನಾಲ್ಕು ತಿಂಗಳ ಹಿಂದೆ ಕೊಂಡ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರನ್ನು ನಾನು ಹೆಚ್ಚಾಗಿ ಇದೊಂದರ ಮೇಲೆಯೇ ಪರೀಕ್ಷಿಸಿದ್ದೇನೆ. ಏಕೆಂದರೆ ಕಪ್ಪು ಹಿನ್ನೆಲೆಯಲ್ಲಿರುವ ಒಂದು ಚುಕ್ಕಿ ಬೆಳಕು ಮಸೂರ ಮತ್ತು ಪ್ರಿಸಂಗಳ ಕುಂದುಗಳನ್ನು ಹಗಲಿನ ಯಾವುದೇ ದೃಶ್ಯಕ್ಕಿಂತ ಬೇಗ ಬಯಲು ಮಾಡುತ್ತದೆ.

ಮೊದಲ ರಾತ್ರಿಯೇ ಹಾಗಾಯಿತು. ಎಷ್ಟು ಫೋಕಸ್ ಮಾಡಿದರೂ ಒಂದೇ ರೋಹಿಣಿ ಎರಡಾಗಿ, ಒಂದರ ಮೇಲೊಂದು ಕಾಣುತ್ತಿತ್ತು. ಎರಡು ಕೊಳವೆಗಳ ಅಕ್ಷಗಳು ಸಮಾಂತರವಾಗಿಲ್ಲದಿದ್ದರೆ ಹೀಗಾಗುತ್ತದೆ; ಆ ಎರಡು ಬಿಂಬಗಳನ್ನು ಒಂದು ಮಾಡಲು ಕಣ್ಣುಗಳು ಹೆಣಗಾಡಿ ಹತ್ತೇ ನಿಮಿಷದಲ್ಲಿ ತಲೆನೋವು ಶುರುವಾಗುತ್ತದೆ. ಬಳಸುತ್ತಾ ಹೋದರೆ ಅಭ್ಯಾಸವಾಗುತ್ತದೆ ಎಂದು ಮಾರಾಟಗಾರರು ಸಮಾಧಾನ ಹೇಳಿದರು. ತಲೆನೋವಿಗೆ ಅಭ್ಯಾಸವಾಗುವ ಮನಸ್ಸು ನನಗಿರಲಿಲ್ಲವಾದ್ದರಿಂದ ಪಟ್ಟು ಹಿಡಿದು ಬದಲಿ ಪಡೆದೆ. ಮುಂದಿನ ಮಾತೆಲ್ಲ ಆ ಎರಡನೆಯ ಬೈನಾಕ್ಯುಲರಿಗೆ ಸಂಬಂಧಿಸಿದ್ದು.

ನಕ್ಷತ್ರ ದೊಡ್ಡದಾಗಿ ಕಾಣಲಿ ಎಂದು ಇದನ್ನು ಕೊಳ್ಳಬೇಡಿ. ರೋಹಿಣಿಯ ವ್ಯಾಸ ಸೂರ್ಯನ ವ್ಯಾಸದ ಸುಮಾರು 45 ಪಟ್ಟು ಇದ್ದರೂ, 65 ಜ್ಯೋತಿರ್ವರ್ಷಗಳಿಗೂ ಹೆಚ್ಚಿನ ದೂರದಿಂದ ಅದು ಕೋನೀಯ ಸೆಕೆಂಡಿನ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು) ಐವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಹತ್ತು ಪಟ್ಟು ಹಿಗ್ಗಿಸಿದರೂ ಚುಕ್ಕಿ ಚುಕ್ಕಿಯೇ. ಬೈನಾಕ್ಯುಲರಿನಿಂದ ದಕ್ಕುವುದು ಬಣ್ಣ. 50 ಮಿ.ಮೀ. ಮಸೂರವು ಕತ್ತಲಿಗೆ 7 ಮಿ.ಮೀ.ನಷ್ಟು ಅರಳಿದ ಕಣ್ಣಿನ ಪಾಪೆಗಿಂತ ಸುಮಾರು 50 ಪಟ್ಟು ಬೆಳಕನ್ನು ಹಿಡಿಯುವುದರಿಂದ, ಬರಿಗಣ್ಣಿಗೆ ಮಾಸಲು ಹಳದಿಯಂತೆ ತೋರುತ್ತಿದ್ದ ನಕ್ಷತ್ರ ಇಲ್ಲಿ ನಿಜವಾದ ಕಿತ್ತಳೆಯಾಗಿ ಹೊಳೆಯುತ್ತದೆ. ಒಡಲಾಳದ ಹೈಡ್ರೋಜನ್ ತೀರಿದ ಮೇಲೆ ಉಬ್ಬಿ ತಣಿದ ಅದರ ಮೇಲ್ಮೈಯ ಉಷ್ಣತೆ ಸುಮಾರು 3,900 ಕೆಲ್ವಿನ್. ಸೂರ್ಯನದು 5,800ರ ಆಸುಪಾಸು. ಫೋಕಸ್ಸನ್ನು ಬೇಕೆಂದೇ ತುಸು ತಪ್ಪಿಸಿದರೆ ಬೆಳಕು ಪುಟ್ಟ ಬಿಲ್ಲೆಯಂತೆ ಹರಡಿ ಬಣ್ಣ ಇನ್ನೂ ಗಾಢವಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರೋಹಿಣಿಯ ಸುತ್ತ ಯಾವ ಬಣ್ಣದ ಅಂಚೂ ಕಾಣದಿದ್ದುದರಿಂದ ಮಸೂರಗಳು ನಿರ್ದೋಷವೆಂದು ನಾನು ಕೆಲವು ದಿನ ನಂಬಿದ್ದೆ. ಬಿಳಿನೀಲಿ ಬಣ್ಣದ ರೈಜೆಲ್ ನಕ್ಷತ್ರದ ಕಡೆಗೆ ತಿರುಗಿಸಿದಾಗ ತೆಳುವಾದ ನೇರಳೆ ಅಂಚು ಕಾಣಿಸಿತು. ಕಿತ್ತಳೆ ನಕ್ಷತ್ರದ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆಯಾದ್ದರಿಂದ ಈ ದೋಷ ಅಲ್ಲಿ ಅಡಗಿಕೊಂಡಿತ್ತು.

ದೃಷ್ಟಿಕ್ಷೇತ್ರ 6.5 ಡಿಗ್ರಿ ಇರುವುದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ರೋಹಿಣಿಯೂ ಅದರ ಪಕ್ಕದ ಹಯಾಡಿಸ್ ಗುಚ್ಛದ ಮುಖ್ಯ ತಾರೆಗಳೂ ಒಟ್ಟಿಗೆ ಹಿಡಿಸುತ್ತವೆ. ನೋಡಲು ಒಂದೇ ಕುಟುಂಬದಂತಿದ್ದರೂ ಗುಚ್ಛ ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ. ಅದರ ಮುಂದೆ, ಅರ್ಧಕ್ಕೂ ಕಡಿಮೆ ದೂರದಲ್ಲಿ, ನಮ್ಮ ದೃಷ್ಟಿಯ ದಾರಿಗೆ ಅಡ್ಡವಾಗಿ ನಿಂತ ಅಪರಿಚಿತ ರೋಹಿಣಿ. ಗುಚ್ಛದಲ್ಲಿರುವ ಥೀಟಾ ಎಂಬ ನಕ್ಷತ್ರ ಜೋಡಿಯಲ್ಲಿ ಒಂದು ಕಿತ್ತಳೆ ಛಾಯೆಯದು, ಇನ್ನೊಂದು ಬಿಳಿ ಎಂಬ ವ್ಯತ್ಯಾಸವೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ನಕ್ಷತ್ರಗಳು ದೃಷ್ಟಿಕ್ಷೇತ್ರದ ಅಂಚಿನ ಕಡೆಗೆ ಸರಿದಂತೆ ರೆಕ್ಕೆ ಬಿಚ್ಚಿದ ಹಕ್ಕಿಗಳ ಹಾಗೆ ವಿಕಾರಗೊಳ್ಳುತ್ತವೆ, ರೋಹಿಣಿಯೂ ಅಲ್ಲಿ ತನ್ನ ದುಂಡುತನ ಕಳೆದುಕೊಳ್ಳುತ್ತದೆ. ಈ ದರ್ಜೆಯ ಬೈನಾಕ್ಯುಲರಿನಲ್ಲಿ ಅದು ಅನಿರೀಕ್ಷಿತವಲ್ಲ.

ಕನ್ನಡಕ ತೆಗೆಯದೆ ನೋಡಿದರೆ ಪೂರ್ತಿ ದೃಷ್ಟಿಕ್ಷೇತ್ರ ಸಿಗುವುದಿಲ್ಲ. ಮಸೂರದ ಮುಚ್ಚಳಗಳು ಸಡಿಲ.

ನನ್ನ ನಿಜವಾದ ತಕರಾರು ತೂಕದ ಬಗ್ಗೆ. ಒಂದು ಕಿಲೋ ಸಮೀಪದ ಈ ಉಪಕರಣವನ್ನು ಕೈಯಲ್ಲೇ ಎತ್ತಿ ಹಿಡಿದರೆ ಎರಡು ನಿಮಿಷದೊಳಗೆ ರೋಹಿಣಿ ಕುಣಿಯತೊಡಗುತ್ತದೆ ಮತ್ತು ಥೀಟಾ ಜೋಡಿಯ ಬಣ್ಣಗಳು ಕಲಸಿಹೋಗುತ್ತವೆ. ಒರಗು ಕುರ್ಚಿಯಲ್ಲಿ ಕುಳಿತು ಮೊಣಕೈಗಳಿಗೆ ಆಸರೆ ಕೊಟ್ಟರೆ ಸ್ವಲ್ಪ ವಾಸಿ, ಟ್ರೈಪಾಡಿಗೆ ಕೂರಿಸಿದರೆ ಇದೇ ಬೈನಾಕ್ಯುಲರ್ ಬೇರೆಯದೇ ಎನ್ನುವಷ್ಟು ಚೆನ್ನಾಗಿ ತೋರಿಸುತ್ತದೆ. ಹಾಗೆ ಕೂರಿಸಲು ಮುಂಭಾಗದಲ್ಲಿ ತಿರುಪಿನ ರಂಧ್ರವನ್ನೇನೋ ಇಟ್ಟಿದ್ದಾರೆ. ಅದಕ್ಕೆ ಬೇಕಾದ ಎಲ್ ಆಕಾರದ ಪಟ್ಟಿಯನ್ನು ಮಾತ್ರ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕಾಯಿತು.