ಮೈಸೂರಿನ ಆಯಿಷ್‌ನಲ್ಲಿ ವಾಕ್-ಭಾಷಾ ಚಿಕಿತ್ಸೆಯ ಎಂ.ಎಸ್ಸಿ.

ಸ್ಪೀಚ್ ಥೆರಪಿಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬಯಸುವ ಕನ್ನಡಿಗರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು (ಆಯಿಷ್). 1960ರ ದಶಕದಲ್ಲಿ ಆರಂಭವಾದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅನುದಾನದಿಂದ ನಡೆಯುತ್ತದೆ. ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ಒಂದು ಕಾಲಕ್ಕೆ ವಾಕ್ಕು, ಶ್ರವಣ ಎರಡನ್ನೂ ಒಟ್ಟಿಗೆ ಕಲಿಸುತ್ತಿದ್ದ ಎಂ.ಎಸ್ಸಿ. ಈಗ ಎರಡು ಬೇರೆ ಕೋರ್ಸುಗಳಾಗಿದೆ. ಶ್ರವಣ ಮತ್ತು ವಾಕ್-ಭಾಷಾ ಚಿಕಿತ್ಸೆಯ ಪದವಿಯಾದ ಬಿ.ಎ.ಎಸ್.ಎಲ್.ಪಿ. ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಈ ಕೋರ್ಸಿಗೆ ಸೇರಬಹುದು.

ಇಲ್ಲಿನ ನಿಜವಾದ ಬಲ ಕ್ಲಿನಿಕ್. ಉಗ್ಗುವ ಯುವಕರು, ದನಿ ಕೆಟ್ಟ ಶಿಕ್ಷಕರು, ಸೀಳು ಅಂಗುಳದ ಮಕ್ಕಳು, ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರು, ಹೀಗೆ ಪುಸ್ತಕದಲ್ಲಿ ಓದಿದ ತೊಂದರೆಗಳೆಲ್ಲ ಅದೇ ಆವರಣದೊಳಗೆ ಎದುರಾಗುವುದರಿಂದ, ಹಿರಿಯರ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಮಾಡಿ, ವರದಿ ಬರೆದು, ಚಿಕಿತ್ಸೆ ಯೋಜಿಸುವ ಅಭ್ಯಾಸ ತಾನಾಗಿ ಬೆಳೆಯುತ್ತದೆ. ಇದಕ್ಕೆ ನಾನು ಹೆಚ್ಚು ಬೆಲೆ ಕೊಡಲು ಕಾರಣವೂ ಇದೆ. ಮಂಡ್ಯದ ಕಡೆಯ ಮಗುವೊಂದು ‘ಹಾಲು’ ಎನ್ನಲು ‘ಆಲು’ ಎಂದರೆ ಅದು ಉಚ್ಚಾರದೋಷವೋ ಮನೆಯ ಆಡುನುಡಿಯೋ ಎಂಬುದನ್ನು ಪರೀಕ್ಷೆಯ ಅಂಕಪಟ್ಟಿಯೊಂದೇ ನಿರ್ಣಯಿಸಲಾರದು. ತಾಯಿಯ ಮಾತನ್ನು ಎರಡು ನಿಮಿಷ ಕಿವಿಗೊಟ್ಟು ಕೇಳಿದವರು ಆ ಮಗುವಿಗೆ ಬೇಡದ ಚಿಕಿತ್ಸೆಯನ್ನು ತಪ್ಪಿಸುತ್ತಾರೆ.

ಆದರೆ ದೇಶದ ನಾನಾ ಕಡೆಯಿಂದ ಬರುವ, ಕನ್ನಡ ಬಾರದ ವಿದ್ಯಾರ್ಥಿಗಳಿಗೆ ಇದೇ ಕಷ್ಟದ ಜಾಗ. ನುಂಗುವ ತೊಂದರೆಯನ್ನು ಒಂದಿಷ್ಟು ಮಾತಿನಲ್ಲೇ ಪರೀಕ್ಷಿಸಬಹುದು. ಮಿದುಳಿಗೆ ಪೆಟ್ಟಾಗಿ ಭಾಷೆ ಕುಂದುವ ಅಫೇಸಿಯಾ ಹಾಗಲ್ಲ: ರೋಗಿ ವಿಭಕ್ತಿ ಪ್ರತ್ಯಯವನ್ನು ಬಿಡುತ್ತಿದ್ದಾನೆಯೇ, ಕ್ರಿಯಾಪದದ ಲಿಂಗ-ವಚನ ತಪ್ಪುತ್ತಿದೆಯೇ ಎಂದು ಗುರುತಿಸಲು ಭಾಷೆ ಒಳಗಿನಿಂದ ತಿಳಿದಿರಬೇಕು. ಅಂಥವರು ಮೊದಲ ಸೆಮಿಸ್ಟರಿನಿಂದಲೇ ಕನ್ನಡ ಕಲಿಯತೊಡಗುವುದು ಒಳ್ಳೆಯದು. (ಉತ್ತರ ಕರ್ನಾಟಕದ ಕನ್ನಡಿಗರಿಗೂ ಮೈಸೂರಿನ ಮಾತಿಗೆ ಕಿವಿ ಹೊಂದಿಸಿಕೊಳ್ಳಬೇಕಾಗುತ್ತದೆ.)

ಆಯಿಷ್ ಸಾಮಾನ್ಯ ಆಸ್ಪತ್ರೆಯಲ್ಲ ಎಂಬುದನ್ನೂ ಗಮನಿಸಬೇಕು. ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳೊಡನೆ ಕೆಲಸ ಮಾಡುವುದೇ ಗುರಿಯಾಗಿದ್ದರೆ ಮಣಿಪಾಲದಂತೆ ದೊಡ್ಡ ಆಸ್ಪತ್ರೆಗೆ ಹೊಂದಿಕೊಂಡ ಕಾಲೇಜು ಮೇಲು; ಸಂಶೋಧನೆಯ ಒಲವಿದ್ದವರಿಗೆ, ಸಂಶೋಧನಾ ಪ್ರಬಂಧ ಬರೆಸುವ ಆಯಿಷ್ ಸೂಕ್ತ. ಎಲ್ಲಿ ಸೇರಿದರೂ 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಆ ಕೋರ್ಸಿಗೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಪರಿಷತ್ತಿನ ನೋಂದಣಿಯಿಲ್ಲದೆ ವೃತ್ತಿ ನಡೆಸುವಂತಿಲ್ಲ.