99 ಡಾಲರ್ ಡಕ್ಟ್ ಕ್ಲೀನಿಂಗ್‌ನವರನ್ನು ಮನೆಗೆ ಸೇರಿಸಬೇಡಿ

ಮಿಚಿಗನ್‌ನಲ್ಲಿರಿ, ಚಳಿ ಬೀಳುವ ಇನ್ಯಾವ ಊರಲ್ಲೇ ಇರಿ, "ಇಡೀ ಮನೆಯ ಡಕ್ಟ್ ಕ್ಲೀನಿಂಗ್ 99 ಡಾಲರ್" ಅನ್ನೋ ಜಾಹೀರಾತು ಕಂಡರೆ ಫೋನ್ ಮಾಡಬೇಡಿ. ಡಕ್ಟ್ ಅಂದರೆ ಫರ್ನೇಸಿನ (ಮನೆ ಕಾಯಿಸುವ ಯಂತ್ರದ) ಬಿಸಿಗಾಳಿಯನ್ನು ರೂಮು ರೂಮಿಗೆ ಒಯ್ಯುವ ಪೈಪು. ನಮ್ಮಿಂದ 840 ಡಾಲರ್ ಕಿತ್ತುಕೊಂಡು ಹೋದರು. ಮಗಳ ರೂಮಿನ ಚಳಿ ಮಾತ್ರ ಹಾಗೇ ಉಳಿಯಿತು.

ತೊಂದರೆ ಇಷ್ಟೇ. ಕೆಳಗೆ ಥರ್ಮೋಸ್ಟಾಟ್ 70 ಡಿಗ್ರಿ ಫ್ಯಾರನ್‌ಹೀಟ್ ತೋರಿಸುವಾಗ ಮೇಲಿನ ರೂಮಲ್ಲಿ 61. ರೂಮಿಗೆ ಗಾಳಿ ಬಿಡುವ ವೆಂಟ್ ಮೇಲೆ ಕೈ ಇಟ್ಟರೆ ಗಾಳಿ ಬರುತ್ತಿದೆಯೋ ಇಲ್ಲವೋ ತಿಳಿಯದು. ಊರಿಂದ ಬಂದಿದ್ದ ನಮ್ಮತ್ತೆ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿರುತ್ತಿದ್ದರು. ಫೋನಲ್ಲಿ ಹೇಳಿದ ತಕ್ಷಣ ಆ ಕಡೆಯವನು, "ಧೂಳು ಕಟ್ಟಿದೆ ಸರ್, ಕ್ಲೀನ್ ಮಾಡಿದರೆ ಗಾಳಿ ನುಗ್ಗುತ್ತೆ" ಅಂದ. ನೋಡದೇನೇ!

ಇಬ್ಬರು ಬಂದರು. ಕೈಯಲ್ಲಿ ಗ್ಯಾರೇಜ್ ಗುಡಿಸುವಂಥ ಒಂದು ವ್ಯಾಕ್ಯೂಮ್. ಸರಿಯಾಗಿ ಮಾಡುವವರು ದೊಡ್ಡ ಮಷೀನ್ ತಂದು, ಡಕ್ಟ್ ಪೂರ್ತಿ ಗಾಳಿ ಎಳೆದು ಧೂಳು ತೆಗೀತಾರೆ ಅಲ್ವಾ? ಇವರು ವೆಂಟ್ ಬಾಯಿಗೆ ಪೈಪು ಇಟ್ಟು ಸುಮ್ನೆ ಸದ್ದು ಮಾಡಿದರು. ಆಮೇಲೆ ಒಬ್ಬ ಬೇಸ್‌ಮೆಂಟಿನಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದು ಫೋನಲ್ಲಿ ಫೋಟೋ ತೋರಿಸಿದ. ಡಕ್ಟ್ ತುಂಬ ಕಪ್ಪು ಬೂಷ್ಟು. "ಮನೇಲಿ ಮಗು ಇದೆ, ವಯಸ್ಸಾದವರಿದ್ದಾರೆ. ನಿಮ್ಮಿಷ್ಟ ಸರ್" ಅಂದ. ನಿಮ್ಮಿಷ್ಟವಂತೆ! ಬೂಷ್ಟು ತೆಗೆಯೋಕೆ 1,400ರಿಂದ ಶುರುವಾದ ಚೌಕಾಸಿ 840ಕ್ಕೆ ನಿಂತಿತು. ಏನೋ ಸ್ಪ್ರೇ ಹೊಡೆದು, ಕಾರ್ಡ್ ಉಜ್ಜಿಸಿಕೊಂಡು ಹೊರಟರು.

ರಾತ್ರಿ ಬಿಲ್ ಜೊತೆ ಅದೇ ಫೋಟೋ ಕಳಿಸಿದ್ದರು. ನನ್ನ ಹೆಂಡತಿ ಅದನ್ನು ದೊಡ್ಡದು ಮಾಡಿ ನೋಡಿ, "ರೀ, ಈ ವೆಂಟ್ ಸುತ್ತ ಕಾರ್ಪೆಟ್ ಇದೆಯಲ್ಲ?" ಅಂದಳು. ಇತ್ತು. ಕಂದು ಬಣ್ಣದ ಕಾರ್ಪೆಟ್, ಅಂಚು ಕಿತ್ತುಹೋಗಿರೋದು. ನಮ್ಮ ಮನೆಯಲ್ಲಿ ಎಲ್ಲೂ ಕಾರ್ಪೆಟ್ಟೇ ಇಲ್ಲ. ಪೂರ್ತಿ ಮರದ ನೆಲ. ಯಾರದೋ ಮನೆಯ ಬೂಷ್ಟು ತೋರಿಸಿ ನನ್ನ ಹತ್ತಿರ ದುಡ್ಡು! ಆ ಕ್ಷಣ ಹೆಂಡತಿಯ ಮುಖ ನೋಡೋಕಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. "ಅದು ಕ್ಯಾಮೆರಾ ಆಂಗಲ್ ಸರ್." ಆಂಗಲ್ ಬದಲಾದರೆ ನೆಲಕ್ಕೆ ಕಾರ್ಪೆಟ್ ಬರುತ್ತಾ? ಗಾಳಿ ಇನ್ನೂ ಬರುತ್ತಿಲ್ಲ ಅಂದೆ. "ಸೆಟ್ ಆಗೋಕೆ ಎರಡು ವಾರ ಬೇಕು." ಎರಡು ವಾರ ಬಿಟ್ಟು ಮಾಡಿದರೆ, "ನಿಮ್ಮ ಫರ್ನೇಸೇ ಹಳೇದು, ನಾವೇ ಹೊಸದು ಹಾಕಿಕೊಡ್ತೀವಿ, ಡಿಸ್ಕೌಂಟ್ ಇದೆ." ಲೈಸೆನ್ಸ್ ನಂಬರ್ ಕೇಳಿದೆ. ಲೈನ್ ಕಟ್.

ಕೊನೆಗೆ ಪಕ್ಕದ ಮನೆಯವರು ಹೇಳಿದ ಟೆಕ್ನಿಷಿಯನ್ ಬಂದರು. ಮೊದಲು ಫಿಲ್ಟರ್ ಎಳೆದರು. ಒಂದಿಂಚಿನ ಮರ್ವ್ 13 ಫಿಲ್ಟರ್ (ತುಂಬ ಸಣ್ಣ ಧೂಳನ್ನೂ ಹಿಡಿಯುವ ದರ್ಜೆಯದು), ಧೂಳು ಹಿಡಿದು ಒಳಕ್ಕೆ ಬಾಗಿಹೋಗಿತ್ತು. ಆ "ಕ್ಲೀನಿಂಗ್" ಮಾಡಿದವರು ಅದನ್ನು ಮುಟ್ಟೇ ಇರಲಿಲ್ಲ! ಆಮೇಲೆ ಬೇಸ್‌ಮೆಂಟ್ ಸೂರಿನ ಪೈಪು ಹಿಡಿದು ಹೋದರು. ಮಗಳ ರೂಮಿಗೆ ತಿರುಗುವ ಎಲ್ಬೋ ಹತ್ತಿರ ಜಾಯಿಂಟ್ ಬಿಟ್ಟುಕೊಂಡಿತ್ತು. ಹಳೆ ಬಟ್ಟೆ ಟೇಪು ಒಣಗಿ ಜೋತು ಬಿದ್ದಿತ್ತು. ಅಲ್ಲಿ ಕೈ ಹಿಡಿದರೆ ಬಿಸಿಗಾಳಿ ಭರ್ರನೆ ಬರುತ್ತಿದೆ! ನಾವು ಕಾಸು ಕೊಟ್ಟು ಕಾಯಿಸಿದ ಗಾಳಿ, ಬೇಸ್‌ಮೆಂಟ್ ಜೇಡಗಳಿಗೆ. ಸ್ಕ್ರೂ ಹಾಕಿ, ಮ್ಯಾಸ್ಟಿಕ್ ಅನ್ನೋ ಅಂಟು ಬಳಿದು, ಮೇಲೆ ಫಾಯಿಲ್ ಟೇಪು ಸುತ್ತಿದರು. ಅರ್ಧ ಮುಚ್ಚಿದ್ದ ಡ್ಯಾಂಪರ್ (ಪೈಪಿನೊಳಗೆ ಗಾಳಿ ತಡೆಯುವ ತಟ್ಟೆ) ತೆರೆದರು. ಫಿಲ್ಟರ್ ಬದಲಾಯಿಸಿದರು. 220 ಡಾಲರ್. ಅವತ್ತೇ ರಾತ್ರಿ ರೂಮಲ್ಲಿ 68. ಸಾಮಾನ್ಯ ಮನೆಗಳಲ್ಲಿ ಡಕ್ಟ್ ಗಾಳಿಯ ಶೇ. 20ರಿಂದ 30 ಸೋರಿಹೋಗುತ್ತೆ ಅಂತ ಅಮೆರಿಕ ಸರ್ಕಾರದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್‌ನವರೇ ಹೇಳ್ತಾರೆ.

ಗಾಳಿ ಕಮ್ಮಿಯಾದರೆ ಮೊದಲು ಫಿಲ್ಟರ್, ಡ್ಯಾಂಪರ್, ಜಾಯಿಂಟ್ ನೋಡಿ. ಕ್ಲೀನಿಂಗ್ ಆಗಾಗ ಮಾಡಿಸಬೇಕಾದ್ದಲ್ಲ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ ಹೇಳುತ್ತೆ. ನಿಜವಾಗಿ ಬೇಕಾದರೆ ಒಂದು ಸಿಸ್ಟಮ್‌ಗೆ 450ರಿಂದ 1,000 ಡಾಲರ್ ಆಗುತ್ತಂತೆ. ಹಾಗಿದ್ದ ಮೇಲೆ 99ಕ್ಕೆ ಯಾರು ಮಾಡ್ತಾರೆ? ಬೂಷ್ಟು ಅಂದರೆ ನಿಮ್ಮ ಕಣ್ಣೆದುರೇ ತೆಗೆದು ತೋರಿಸಲಿ, ಅವರ ಫೋನಲ್ಲಲ್ಲ.

ದುಡ್ಡು ವಾಪಸ್ ಕೊಡಿಸಿ ಅಂತ ಕಾರ್ಡ್ ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕಿದ್ದೇನೆ, ಇನ್ನೂ ತೀರ್ಮಾನ ಆಗಿಲ್ಲ. ಅದು ಗೊತ್ತಾಗಿದ್ದೇ ತಡ, ಲೈನ್ ಕಟ್ ಮಾಡಿದ ಮೇಲೆ ಫೋನೇ ಎತ್ತದವರಿಂದ ಮೆಸೇಜ್ ಬಂತು: ಡಿಸ್ಪ್ಯೂಟ್ ವಾಪಸ್ ತಗೊಳ್ಳಿ, 100 ಡಾಲರ್ ಕೊಡ್ತೀವಿ. ಕಾರ್ಪೆಟ್ ಫೋಟೋ ತಿರುಗಿಸಿ ಕಳಿಸಿದೆ. ಉತ್ತರ ಇಲ್ಲ.