ಮೂಗಿಗೆ ತುರುಕಿದ ಬಟ್ಟೆ ಎಷ್ಟು ಅಂತ ಕೇಳಿಕೊಂಡೇ ಮನೆಗೆ ಬನ್ನಿ

ಮೂಗಲ್ಲಿ ರಕ್ತ ನಿಲ್ಲದೆ ಆಸ್ಪತ್ರೆಗೆ ಹೋದರೆ, ಒಳಗೆ ಗಾಜ್ ಅನ್ನೋ ತೆಳು ಜಾಳು ಬಟ್ಟೆಯ ಪಟ್ಟಿ ತುರುಕುತ್ತಾರೆ. ಅದಕ್ಕೆ ಪ್ಯಾಕ್ ಅಂತಾರೆ. ಅದರ ಒಂದು ಪಟ್ಟಿ ನಮ್ಮ ದೊಡ್ಡಪ್ಪನ ಮೂಗಲ್ಲೇ ಉಳಿದುಬಿಟ್ಟಿತ್ತು. ಅದು ಗೊತ್ತಾಗೋ ಹೊತ್ತಿಗೆ ವಾರಗಳೇ ಕಳೆದಿದ್ದವು. ನಿಮ್ಮ ಮನೆಯವರಿಗೆ ಹೀಗಾಗಬಾರದು ಅಂತ ಬರೀತಿದ್ದೇನೆ.

ದೊಡ್ಡಪ್ಪ ಇರೋದು ಬಳ್ಳಾರಿಯಲ್ಲಿ. ಏಪ್ರಿಲ್ ಬಿಸಿಲು, ಒಣ ಗಾಳಿ. ಇಂಥ ಹವೆಯಲ್ಲಿ ಮೂಗಿನ ಒಳಗೆ ಹಕ್ಕಳೆ ಕಟ್ಟುತ್ತೆ, ಅದು ಕಿತ್ತರೆ ರಕ್ತ ಬರುತ್ತೆ. ಅವರು ಹೃದಯದ ರಕ್ತನಾಳ ತೆರೆದಿಡೋ ಸ್ಟೆಂಟ್ ಅನ್ನೋ ಪುಟ್ಟ ಜಾಲರಿ ಕೊಳವೆ ಹಾಕಿಸಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೀತಿತ್ತು. ಈ ಮಾತ್ರೆ ತಗೊಳ್ಳೋರಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ, ಶುರುವಾದರೆ ಸುಮ್ನೆ ನಿಲ್ಲಲ್ಲ.

ಅವತ್ತು ಬೀದಿಯವರೆಲ್ಲ ಬಂದರು. ಒಬ್ಬರು ತಲೆ ಹಿಂದಕ್ಕೆ ಬಗ್ಗಿಸಿದರು. ಇನ್ನೊಬ್ಬರು ಈರುಳ್ಳಿ ಕತ್ತರಿಸಿ ಮೂಗಿನ ಹತ್ತಿರ ಹಿಡಿದರು. ಪಕ್ಕದ ಮನೆಯ ಅಜ್ಜಿ ಗರಿಕೆ ರಸ ಬಿಡೋಣ ಅಂದರು. 'ಉಷ್ಣ ಜಾಸ್ತಿ ಆಗಿದೆ' ಅಂತ ನೆತ್ತಿಗೆ ತಣ್ಣೀರು ತಟ್ಟಿದ್ದೂ ಆಯಿತು. ಪಾಪ, ಎಲ್ಲ ಪ್ರೀತಿಯಿಂದಲೇ. ಆದರೆ ತಲೆ ಹಿಂದಕ್ಕೆ ಹಾಕಿದರೆ ರಕ್ತ ನಿಲ್ಲಲ್ಲ, ಗಂಟಲಿಗೆ ಇಳಿಯುತ್ತೆ ಅಷ್ಟೆ. ಹೊಟ್ಟೆಗೆ ಹೋದ ರಕ್ತ ವಾಂತಿ ಬರಿಸುತ್ತೆ. ದೊಡ್ಡಪ್ಪ ಕಪ್ಪಗೆ ಗಡ್ಡೆಗಡ್ಡೆ ವಾಂತಿ ಮಾಡಿಕೊಂಡಾಗ ಮನೆಯವರು ಹೆದರಿ, ಹತ್ತಿರದ ನರ್ಸಿಂಗ್ ಹೋಮಿಗೆ ಓಡಿಸಿದರು.

ಆ ಗಲಾಟೆಯಲ್ಲಿ ಯಾರೂ ಮಾಡದೇ ಇದ್ದದ್ದು ಬಹಳ ಸುಲಭದ ಕೆಲಸ. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು ತೋರುಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಮೇಲಿನ ಎಲುಬನ್ನು ಹಿಡಿದರೆ ಪ್ರಯೋಜನ ಇಲ್ಲ. ಬಾಯಲ್ಲಿ ಉಸಿರಾಡಬೇಕು, ಬಾಯಿಗೆ ಬಂದ ರಕ್ತ ಉಗಿಯಬೇಕು. 10ರಿಂದ 15 ನಿಮಿಷ, ಗಡಿಯಾರ ನೋಡಿಕೊಂಡು. ನಡುವೆ 'ನಿಂತಿತಾ ನೋಡೋಣ' ಅಂತ ಬಿಟ್ಟರೆ ಮತ್ತೆ ಮೊದಲಿಂದ ಶುರು. ಮೂಗಿನ ರಕ್ತದಲ್ಲಿ ಹತ್ತಕ್ಕೆ ಒಂಬತ್ತು ಸಲ ಬರೋದು ಮುಂಭಾಗದಿಂದ, ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಸಣ್ಣ ನಾಳಗಳು ಹೆಣೆದುಕೊಂಡಿರೋ ಜಾಗದಿಂದ. ಬೆರಳಲ್ಲಿ ಒತ್ತಿದರೆ ಆ ಜಾಗ ಸಿಗುತ್ತೆ.

ನರ್ಸಿಂಗ್ ಹೋಮಲ್ಲಿ ಡ್ಯೂಟಿಯಲ್ಲಿದ್ದವರು ಎರಡೂ ಹೊಳ್ಳೆಗೆ ಗಾಜ್ ತುಂಬಿದರು, ಮೇಲೆ ಪ್ಲಾಸ್ಟರ್ ಹಚ್ಚಿದರು. ರಕ್ತ ನಿಂತಿತು, ಅದನ್ನು ಅಲ್ಲಗಳೆಯಲ್ಲ. ಆದರೆ ಚೀಟಿಯಲ್ಲಿ ಬರೆದದ್ದು 'ಪ್ಯಾಕ್ ಮಾಡಲಾಗಿದೆ' ಅಂತ ಒಂದೇ ಸಾಲು. ಎಷ್ಟು ಪಟ್ಟಿ, ಯಾವ ಕಡೆ ಎಷ್ಟು, ಯಾವಾಗ ತೆಗೆಸಬೇಕು, ಏನೂ ಇಲ್ಲ. ಜೊತೆಗೆ 'ರಕ್ತ ತೆಳು ಮಾಡೋ ಮಾತ್ರೆ ಎರಡೂ ಬಿಟ್ಟುಬಿಡಿ' ಅಂತ ಬಾಯಲ್ಲಿ ಹೇಳಿದರಂತೆ. ಪುಣ್ಯಕ್ಕೆ ದೊಡ್ಡಮ್ಮ ಒಪ್ಪಲಿಲ್ಲ, ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಹೊಸ ಸ್ಟೆಂಟ್ ಇದ್ದಾಗ ಎರಡನ್ನೂ ಏಕಾಏಕಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಮೂಗು ಉಳಿಸಲು ಹೋಗಿ ಹೃದಯಾಘಾತ ತಂದುಕೊಂಡಂತೆ.

ಮರುದಿನ ಸಂಜೆ ಪ್ಯಾಕ್ ತೆಗೆದರು. ತೆಗೆದವರು ಬೇರೆಯವರು. ಕಂಡ ಪಟ್ಟಿಗಳನ್ನು ಎಳೆದರು, ಕಳಿಸಿದರು. ಒಳಗೆ ಇನ್ನೊಂದಿದೆ ಅಂತ ಅವರಿಗೆ ಯಾರು ಹೇಳಬೇಕು?

ಆಮೇಲೆ ಶುರುವಾಯಿತು ನೋಡಿ ವಾಸನೆ. ಮನೆಯಲ್ಲಿ ಇಲಿ ಸತ್ತಿದೆ ಅಂತ ಅಟ್ಟವೆಲ್ಲ ಹುಡುಕಿದರು, ಬೀರು ಸರಿಸಿದರು. ದೊಡ್ಡಪ್ಪನಿಗೆ ವಾಸನೆಯೇ ತಿಳೀತಿರಲಿಲ್ಲ, ಎಡಗಡೆ ಕೆನ್ನೆ ಮಾತ್ರ ಭಾರ, ತಲೆನೋವು, ಅದೇ ಹೊಳ್ಳೆಯಿಂದ ಹಳದಿ ನೀರು. ಎದುರು ಕೂತು ಮಾತಾಡಿದಾಗಲೇ ಮೊಮ್ಮಗಳು ಮೂಗು ಮುಚ್ಚಿಕೊಂಡು 'ಅಜ್ಜಾ, ನಿನ್ನ ಹತ್ರಾನೇ ವಾಸ್ನೆ' ಅಂದಳು. ಮಕ್ಕಳಿಗೆ ಸಂಕೋಚ ಇಲ್ಲ, ಅಲ್ವಾ.

ಇಎನ್‌ಟಿ (ಕಿವಿ, ಮೂಗು, ಗಂಟಲಿನ) ಡಾಕ್ಟರು ಎಂಡೋಸ್ಕೋಪ್, ಅಂದರೆ ಒಳಗೆ ನೋಡೋ ಸಣ್ಣ ನಳಿಕೆ, ಹಾಕಿ ನೋಡಿದರು. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಬಂತು, ಹಸಿರು ಮಿಶ್ರಿತ ಕಂದು ಬಣ್ಣದ, ಜಿಡ್ಡಾದ ಪಟ್ಟಿ. ಬರುತ್ತಲೇ ಇತ್ತು. ಕೋಣೆಯ ಕಿಟಕಿ ತೆಗೆಯಬೇಕಾಯಿತು. ಸೈನಸ್‌ಗೆ, ಅಂದರೆ ಮೂಗಿನ ಸುತ್ತಲ ಎಲುಬಿನೊಳಗಿನ ಗಾಳಿ ಗೂಡುಗಳಿಗೆ, ಸೋಂಕು ಹತ್ತಿತ್ತು, ಆ್ಯಂಟಿಬಯಾಟಿಕ್ ಕೊಟ್ಟರು. ಹೀಗೆ ಉಳಿದ ಬಟ್ಟೆಯಿಂದ ಅಪರೂಪಕ್ಕೆ ಟಾಕ್ಸಿಕ್ ಶಾಕ್ ಅನ್ನೋ ಪ್ರಾಣಾಂತಿಕ ಸ್ಥಿತಿಯೂ ಬರಬಹುದಂತೆ. ರಕ್ತ ಬರುತ್ತಿದ್ದ ಚುಕ್ಕೆ ಮುಂಭಾಗದಲ್ಲೇ ಇತ್ತು. ಸೋಂಕು ವಾಸಿಯಾದ ಮೇಲೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿ ಅದನ್ನು ಸುಟ್ಟರು. ಮರಗಟ್ಟಿಸೋ ಔಷಧ ಹಾಕಿದ್ದರಿಂದ ಚುರುಕ್ ಅಂದಿದ್ದಷ್ಟೆ.

ಹಾಗಾಗಿ ಪ್ಯಾಕ್ ಹಾಕಿಸಿಕೊಂಡರೆ ಎಷ್ಟು ಪಟ್ಟಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ತೆಗೀತಾರೆ. ತಾರೀಕನ್ನೂ ಬರೆಸಿ. ತೆಗೆಯುವಾಗ ಎಣಿಸಿ, ಬೇಕಾದರೆ ಫೋಟೋ ಹೊಡೆದುಕೊಳ್ಳಿ. ಡಾಕ್ಟರು ಮುಖ ಸಿಂಡರಿಸಿದರೆ ಸಿಂಡರಿಸಲಿ. ತೆಗೆಸಿದ ಮೇಲೂ ಒಂದೇ ಹೊಳ್ಳೆಯಿಂದ ನಾತ ಬಂದರೆ ನೆಗಡಿ ಅಂತ ಕೂರಬೇಡಿ. ಅಂದಹಾಗೆ, ಪುಟ್ಟ ಮಕ್ಕಳ ಒಂದೇ ಹೊಳ್ಳೆಯಿಂದ ಇಂಥ ವಾಸನೆ, ರಕ್ತ ಬಂದರೆ ಏನೋ ತುರುಕಿಕೊಂಡಿರಬಹುದು. ಅದು ಆಟಿಕೆಯ ಬಟನ್ ಬ್ಯಾಟರಿ ಆಗಿದ್ದರೆ ಗಂಟೆಗಳಲ್ಲೇ ಒಳಗೆ ಸುಡುತ್ತೆ, ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ.

ಇನ್ನು ಅರ್ಧ ಗಂಟೆ ಒತ್ತಿದರೂ ನಿಲ್ಲದಿದ್ದರೆ, ಮುಂದೆ ಬಗ್ಗಿದರೂ ಗಂಟಲಿಗೇ ಇಳಿಯುತ್ತಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ತಲೆ ಸುತ್ತಿದರೆ ನೇರ ದೊಡ್ಡ ಆಸ್ಪತ್ರೆಗೇ ಹೋಗಿ. ಹಿಂಭಾಗದ ನಾಳ ಒಡೆದಿದ್ದರೆ ಸಣ್ಣ ಕಡೆ ಆಗಲ್ಲ, ಆಪರೇಷನ್ ಮಾಡಿ ನಾಳ ಕಟ್ಟಬೇಕಾಗಬಹುದು. ಜ್ವರದ ಜೊತೆ ಮೂಗಲ್ಲಿ ರಕ್ತ ಬಂದರಂತೂ ಡೆಂಗಿ ಇರಬಹುದು, ಮಲೆನಾಡಿನ ಕಡೆ ಮಂಗನ ಕಾಯಿಲೆಯೂ ಇರಬಹುದು. ಆಗ ಮೈಕೈ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್ ನುಂಗಿಸಬೇಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.